ಮುಪ್ಪೆಂಬುದು ತುಕ್ಕೇ?

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಬಹಳ ದಿನ ಇಟ್ಟ ಎಣ್ಣೆ ಕಮಟಾಗುತ್ತದೆ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದೆ, ಮನುಷ್ಯನಿಗೆ ಮುಪ್ಪು ಬರುತ್ತದೆ. ಈ ನಾಲ್ಕೂ ಒಂದೇ ಜಾತಿಯ ಸಂಗತಿಗಳೇ? ಮೊದಲಿನ ಮೂರರಲ್ಲಿ ಗಾಳಿಯೊಳಗಿನ ಆಮ್ಲಜನಕದ ಕೈವಾಡವಿದೆಯೆಂದು ಶಾಲೆಯ ಹುಡುಗರೂ ಬಲ್ಲರು. ನಾಲ್ಕನೆಯದಕ್ಕೂ ಅದೇ ಕಾರಣ. ಆದ್ದರಿಂದ ಕಬ್ಬಿಣಕ್ಕೆ ಬಣ್ಣ ಬಳಿದು ತುಕ್ಕನ್ನು ತಡೆಯುವಂತೆ, ಬಾಳೆದಿಂಡನ್ನು ಮಜ್ಜಿಗೆ ನೀರಿನಲ್ಲಿ ಹಾಕಿ ಕಪ್ಪಾಗದಂತೆ ಕಾಯುವಂತೆ, ಮುಪ್ಪನ್ನೂ ತಡೆಯಬಹುದು ಎಂಬ ಒಂದು ವಾದ ಸುಮಾರು ಎಪ್ಪತ್ತು ವರ್ಷಗಳಿಂದ ನಡೆದುಬಂದಿದೆ. ವಾದ ಹುಟ್ಟಿದ್ದು ಪ್ರಯೋಗಶಾಲೆಯಲ್ಲಿ. ಈಗ ಅದು ಔಷಧದ ಅಂಗಡಿಯ ಗಾಜಿನ ಕಪಾಟಿನಲ್ಲಿ, ಹಸಿರು ಚಹಾದ ಪೊಟ್ಟಣದ ಮೇಲೆ, ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೆ ಬಂದು ಕುಳಿತಿದೆ.

ವಾದದ ಸತ್ಯಾಸತ್ಯ ವಿಜ್ಞಾನಕ್ಕೆ ಬಿಟ್ಟದ್ದು. ನಾವೇನೂ ವಿಜ್ಞಾನಿಗಳಲ್ಲ, ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ತಿರುವಿಕೊಂಡಿರುವವರು. ಆದರೆ ಮುಂಬಯಿಯ ನಮ್ಮ ಕನ್ನಡದವರ ನಡುವೆ ಒಮ್ಮೆ ‘ಸೈನ್ಸ್ ಓದಿದವರು’ ಎಂದು ಹೆಸರು ಬಿದ್ದರೆ ತೀರಿತು. ಮದುವೆಮನೆಯಲ್ಲಿ, ಸಂಘದ ಕಾರ್ಯಕ್ರಮದಲ್ಲಿ, ಲೋಕಲ್ ಗಾಡಿಯ ಬಾಗಿಲಲ್ಲಿ, ಯಾರಾದರೊಬ್ಬರು ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ‘ಇದು ತಗೊಂಡರೆ ಒಳ್ಳೆಯದೇ?’ ಎಂದು ಕೇಳದೆ ಬಿಡುವುದಿಲ್ಲ. ಕೇಳುವವರು ಹೆಚ್ಚಾಗಿ ಅರುವತ್ತು ದಾಟಿದವರು. ಅವರ ಪ್ರಶ್ನೆ ರಸಾಯನಶಾಸ್ತ್ರದ್ದಲ್ಲವೆಂದು ನಮಗೆ ಬರಬರುತ್ತ ತಿಳಿಯಿತು. ‘ನಾನು ಮುದುಕನಾಗುತ್ತಿರುವುದು ತಡೆಯಬಹುದಾಗಿದ್ದ ಒಂದು ಹಾನಿಯೇ?’ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹೇಳುವವನ ಮೇಲೆ ಒಂದು ಹೊಣೆ ಬೀಳುತ್ತದೆ. ಈ ಲೇಖನ ಆ ಹೊಣೆಯನ್ನು ಕುರಿತದ್ದು.

ಮೊದಲು ಹೆಸರಿನ ವಿಚಾರ. ನಮ್ಮ ಪಠ್ಯಪುಸ್ತಕಗಳಲ್ಲಿ ಆಕ್ಸಿಡೇಶನ್ನಿಗೆ ‘ಉತ್ಕರ್ಷಣ’ ಎಂದೂ ಅದನ್ನು ತಡೆಯುವ ವಸ್ತುವಿಗೆ ‘ಉತ್ಕರ್ಷಣ ನಿರೋಧಕ’ ಎಂದೂ ಹೇಳಿದೆ. ಉತ್ಕರ್ಷವೆಂದರೆ ಏಳಿಗೆ. ಏಳಿಗೆಯನ್ನು ತಡೆಯುವ ವಸ್ತುವೆಂದು ಅರ್ಥವಾಗಿ, ನಮ್ಮಂಥ ಗುಮಾಸ್ತರಿಗೆ ಬಡ್ತಿಯ ಕಡತದ ನೆನಪಾಗುತ್ತದೆ! ಆದ್ದರಿಂದ ಅಂಗಡಿಯವರ ಮಾತನ್ನೇ ಇಟ್ಟುಕೊಂಡು ಆ್ಯಂಟಿ ಆಕ್ಸಿಡೆಂಟ್ ಎನ್ನೋಣ. ಸಿ ವಿಟಮಿನ್, ಇ ವಿಟಮಿನ್, ಗಜ್ಜರಿಗೆ ಕೆಂಪು ಕೊಡುವ ಬೀಟಾ ಕೆರೋಟಿನ್ ಇವೆಲ್ಲ ಆ ವರ್ಗದವು.

ನಾವು ಉಸಿರಾಡಿದ ಆಮ್ಲಜನಕ ರಕ್ತದ ಮೂಲಕ ಜೀವಕೋಶವನ್ನು ಸೇರಿ, ಅಲ್ಲಿ ಮೈಟೊಕಾಂಡ್ರಿಯವೆಂಬ ಸಣ್ಣ ಸಣ್ಣ ಒಲೆಗಳಲ್ಲಿ ಉಂಡ ಅನ್ನದ ಶಕ್ತಿಯನ್ನು ಬಿಡಿಸಿಕೊಡುತ್ತದೆ. ಒಲೆ ಎಂದ ಮೇಲೆ ಕಿಡಿ ಹಾರದಿರುತ್ತದೆಯೇ? ಆಮ್ಲಜನಕದ ಒಂದು ಅಣು ನಾಲ್ಕು ಇಲೆಕ್ಟ್ರಾನುಗಳನ್ನು ಪಡೆದು ನೀರಾಗಬೇಕು. ನಡುದಾರಿಯಲ್ಲಿ ಒಂದನ್ನೇ ಪಡೆದು ತಪ್ಪಿಸಿಕೊಂಡರೆ ಅದು ಸೂಪರಾಕ್ಸೈಡ್ ಆಗುತ್ತದೆ. ಹೀಗೆ ಜೋಡಿಯಿಲ್ಲದ ಇಲೆಕ್ಟ್ರಾನನ್ನು ಹೊತ್ತು ತಿರುಗುವ ಕಣಗಳಿಗೆ ಫ್ರೀ ರ್‍ಯಾಡಿಕಲ್ ಎಂದು ಹೆಸರು. ಅದು ಪಕ್ಕದ ಅಣುವಿನಿಂದ ಒಂದು ಇಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡದ್ದು ತನ್ನ ಪಕ್ಕದ್ದರಿಂದ ಕಿತ್ತುಕೊಳ್ಳುತ್ತದೆ. ದಾದರಿನಲ್ಲಿ ಒಬ್ಬ ಒಳಗೆ ನೂಕಿದರೆ ಆ ನೂಕು ಎದುರು ಬಾಗಿಲಲ್ಲಿ ನಿಂತವನವರೆಗೆ ಹೋಗುವುದಿಲ್ಲವೇ, ಹಾಗೆ. ಆ್ಯಂಟಿ ಆಕ್ಸಿಡೆಂಟಿನ ಕೆಲಸವೆಂದರೆ ತಾನೇ ಒಂದು ಇಲೆಕ್ಟ್ರಾನನ್ನು ಕೊಟ್ಟು ನೂಕಾಟವನ್ನು ಅಲ್ಲಿಗೆ ನಿಲ್ಲಿಸುವುದು.

ಇದನ್ನು ಮುಪ್ಪಿಗೆ ಜೋಡಿಸಿದವರು ಡೆನ್‌ಹ್ಯಾಮ್ ಹಾರ್ಮನ್ ಎಂಬ ಅಮೆರಿಕದವರು. ಅವರು ಮೊದಲು ಶೆಲ್ ಎಣ್ಣೆ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರು. ಫ್ರೀ ರ್‍ಯಾಡಿಕಲ್ಲುಗಳ ಚಟುವಟಿಕೆಯನ್ನು ಎಣ್ಣೆಯಲ್ಲಿ ನೋಡಿ ಪಳಗಿದವರು. 1945ರಲ್ಲಿ ಅವರ ಹೆಂಡತಿ ಹೆಂಗಸರ ಮಾಸಪತ್ರಿಕೆಯೊಂದರಲ್ಲಿ ಮುಪ್ಪನ್ನು ಕುರಿತ ಲೇಖನವನ್ನು ತೋರಿಸಿದರಂತೆ. ಅಲ್ಲಿಂದ ತಲೆಗೆ ಹೊಕ್ಕ ಹುಳು ಅವರನ್ನು ಕೆಲಸ ಬಿಡಿಸಿ ವೈದ್ಯಕೀಯ ಓದಿಗೆ ಕಳುಹಿಸಿತು. 1956ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಾತ್ಪರ್ಯವಿಷ್ಟು: ದೇಹದೊಳಗೆ ಹುಟ್ಟುವ ಫ್ರೀ ರ್‍ಯಾಡಿಕಲ್ಲುಗಳು ದಿನದಿನವೂ ಮಾಡುವ ಕಿಂಚಿತ್ ಹಾನಿ ಕೂಡುತ್ತ ಹೋಗಿ ಮುಪ್ಪಾಗುತ್ತದೆ. ಆಗ ಈ ಮಾತಿಗೆ ಬೆಲೆ ಕೊಟ್ಟವರು ಕಡಿಮೆ. 1969ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಎಂಬವರು, ಸೂಪರಾಕ್ಸೈಡನ್ನು ಹಿಡಿದು ಇಲ್ಲವಾಗಿಸುವುದಕ್ಕೆಂದೇ ದೇಹದಲ್ಲಿ ಒಂದು ಕಿಣ್ವವಿದೆಯೆಂದು ತೋರಿಸಿದಾಗ ಎಲ್ಲರೂ ಎಚ್ಚತ್ತರು. ಕಾವಲುಗಾರನಿದ್ದಾನೆಂದರೆ ಕಳ್ಳನೂ ಇರಲೇಬೇಕಲ್ಲ!

ಇಲ್ಲಿಂದ ಮುಂದೆ ವಿಜ್ಞಾನದ ಕಥೆಯೊಳಗೆ ಪುರಾಣ ಸೇರಿಕೊಂಡಿತೆಂದು ನಮಗನ್ನಿಸುತ್ತದೆ. ಫ್ರೀ ರ್‍ಯಾಡಿಕಲ್ಲುಗಳು ದಾನವರಾದವು, ಆ್ಯಂಟಿ ಆಕ್ಸಿಡೆಂಟುಗಳು ದೇವತೆಗಳಾದವು. ಇಲೆಕ್ಟ್ರಾನು ಕಳೆದುಕೊಂಡ ಅಣುವಿಗೆ ಪಾಪವೂ ಇಲ್ಲ, ಕೊಟ್ಟ ಅಣುವಿಗೆ ಪುಣ್ಯವೂ ಇಲ್ಲ. ಆದರೂ ಜಾಹೀರಾತುಗಳಲ್ಲಿ ಒಂದು ‘ದುಷ್ಟ’, ಇನ್ನೊಂದು ‘ರಕ್ಷಕ’. ಒಳ್ಳೆಯದು ಕೆಟ್ಟದ್ದು ಎಂದು ಒಮ್ಮೆ ಹಣೆಪಟ್ಟಿ ಅಂಟಿಸಿದ ಮೇಲೆ ‘ಎಷ್ಟು?’, ‘ಯಾರಿಗೆ?’, ‘ಯಾವಾಗ?’ ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಒಳ್ಳೆಯದಾದರೆ ಎಷ್ಟಿದ್ದರೂ ಒಳ್ಳೆಯದೇ ತಾನೇ? ಇದು ಪೂಜೆಯ ತರ್ಕ, ಅಳತೆಯ ತರ್ಕವಲ್ಲ.

ಅಳತೆ ಮಾಡಿದವರು ಫಿನ್‌ಲೆಂಡಿನವರು. ತರಕಾರಿ ಹೆಚ್ಚಾಗಿ ತಿನ್ನುವವರಲ್ಲಿ, ರಕ್ತದಲ್ಲಿ ಕೆರೋಟಿನ್ ಹೆಚ್ಚಾಗಿರುವವರಲ್ಲಿ, ಕ್ಯಾನ್ಸರ್ ಕಡಿಮೆಯೆಂದು ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತಿದ್ದವು. 1981ರಲ್ಲಿ ರಿಚರ್ಡ್ ಡಾಲ್, ರಿಚರ್ಡ್ ಪೀಟೊ ಮೊದಲಾದವರು, ಬೀಟಾ ಕೆರೋಟಿನ್ ಕ್ಯಾನ್ಸರನ್ನು ತಗ್ಗಿಸಬಹುದೇ ಎಂಬುದನ್ನು ಊಹೆಗೆ ಬಿಡದೆ ಪ್ರಯೋಗದಿಂದ ಪರೀಕ್ಷಿಸಬೇಕೆಂದು ಬರೆದರು. ಫಿನ್‌ಲೆಂಡಿನಲ್ಲಿ 50ರಿಂದ 69 ವರ್ಷದ, ಸಿಗರೇಟು ಸೇದುವ 29,133 ಗಂಡಸರು ಮುಂದೆ ಬಂದರು. ಕೆಲವರಿಗೆ ಬೀಟಾ ಕೆರೋಟಿನ್, ಕೆಲವರಿಗೆ ಇ ವಿಟಮಿನ್, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲದ ತೋರಿಕೆಯ ಗುಳಿಗೆ. ಯಾರಿಗೆ ಯಾವುದು ಎಂಬುದು ತಿನ್ನುವವನಿಗೂ ಗೊತ್ತಿಲ್ಲ, ಕೊಡುವವನಿಗೂ ಗೊತ್ತಿಲ್ಲ. ಐದರಿಂದ ಎಂಟು ವರ್ಷ ಹೀಗೆ ನಡೆಯಿತು. 1994ರಲ್ಲಿ ಫಲಿತಾಂಶ ಹೊರಬಂದಾಗ ಪ್ರಯೋಗ ಮಾಡಿದವರೇ ಬೆಚ್ಚಿದರು. ಬೀಟಾ ಕೆರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ. ಶೇಕಡಾ 18ರಷ್ಟು ಹೆಚ್ಚಾಗಿತ್ತು. ಒಟ್ಟು ಸಾವುಗಳೂ ಶೇಕಡಾ 8ರಷ್ಟು ಹೆಚ್ಚು.

ಇದು ಲೆಕ್ಕದ ತಪ್ಪಿರಬಹುದೆಂದು ಆಗ ಹಲವರು ವಾದಿಸಿದರು. ಅಷ್ಟರಲ್ಲಿ ಅಮೆರಿಕದಲ್ಲಿ ಅಂಥದೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು: ಸಿಗರೇಟು ಸೇದುವವರು, ಸೇದಿ ಬಿಟ್ಟವರು, ಕಲ್ನಾರಿನ ಧೂಳಿನಲ್ಲಿ ದುಡಿದವರು, ಒಟ್ಟು 18,314 ಮಂದಿ, ಅವರಲ್ಲಿ ಒಂದು ಪಾಲಿನವರಿಗೆ ಬೀಟಾ ಕೆರೋಟಿನ್ ಜೊತೆಗೆ ಎ ವಿಟಮಿನ್. ಅದನ್ನು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ, ನಿಲ್ಲಿಸಬೇಕಾಯಿತು. ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 28 ಹೆಚ್ಚು, ಸಾವು ಶೇಕಡಾ 17 ಹೆಚ್ಚು. ಅದೇ ಕಾಲಕ್ಕೆ ಮುಗಿದ, 22,071 ಅಮೆರಿಕನ್ ವೈದ್ಯರ ಮೇಲೆ ನಡೆದ ಹನ್ನೆರಡು ವರ್ಷದ ಪ್ರಯೋಗದಲ್ಲಿ ಬೀಟಾ ಕೆರೋಟಿನ್ನಿನಿಂದ ಒಳಿತೂ ಇಲ್ಲ, ಕೆಡುಕೂ ಇಲ್ಲ. ಅವರಲ್ಲಿ ಸಿಗರೇಟಿನವರು ಸ್ವಲ್ಪವೇ ಇದ್ದರು.

ಶೇಕಡಾ 18 ಎಂದು ಬರೆಯುವುದು ಸುಲಭ. ದಿನವೂ ಅಂಕಿ ಸಂಖ್ಯೆಗಳನ್ನು ಕೂಡಿಸಿ ಕಳೆಯುವ ನಮಗೆ ಅದು ಇನ್ನೂ ಸುಲಭ. ಆದರೆ ಆ ಶೇಕಡಾದೊಳಗೆ ಇರುವವರು ಒಂದೊಂದು ಮನೆಯ ಯಜಮಾನರು. ತಮಗೆ ಒಳ್ಳೆಯದಾಗಲಿ, ಆಗದಿದ್ದರೆ ಮುಂದಿನವರಿಗಾದರೂ ಗೊತ್ತಾಗಲಿ ಎಂದು ಗುಳಿಗೆ ನುಂಗಿದವರು. ಯಾರೂ ಅವರನ್ನು ಮೋಸಗೊಳಿಸಲಿಲ್ಲ. ಆಗ ಲೋಕದ ಬಲ್ಲವರೆಲ್ಲ ನಂಬಿದ್ದನ್ನೇ ಅವರಿಗೆ ಕೊಟ್ಟರು. ಪ್ರಯೋಗ ಮಾಡದೆ ಹಾಗೆಯೇ ಬಿಟ್ಟಿದ್ದರೆ, ಲೋಕದ ಸಿಗರೇಟು ಸೇದುವವರಿಗೆಲ್ಲ ‘ಶ್ವಾಸಕೋಶದ ರಕ್ಷಣೆಗೆ’ ಎಂದು ಇದೇ ಗುಳಿಗೆಯನ್ನು ಮಾರಿಬಿಡುತ್ತಿದ್ದರು. ಆ ಸಾವುಗಳನ್ನು ಎಣಿಸುವವರೂ ಇರುತ್ತಿರಲಿಲ್ಲ. ಹಾಗಾದರೆ ಆ ಜನರ ಋಣ ನಮ್ಮ ಮೇಲಿದೆಯೋ ಇಲ್ಲವೋ? ಇದೆಯೆಂದೇ ನಮ್ಮ ಮತ. ಒಬ್ಬ ಮನುಷ್ಯ ತನ್ನ ದೇಹವನ್ನೇ ಒಡ್ಡಿ ಗಳಿಸಿಕೊಟ್ಟ ತಿಳಿವಳಿಕೆಯನ್ನು, ಮೂವತ್ತು ವರ್ಷಗಳಾದ ಮೇಲೂ ಕೇಳಿಯೇ ಇಲ್ಲದವರಂತೆ ಗುಳಿಗೆ ಮಾರುವುದು ಬರಿಯ ಅಜ್ಞಾನವಲ್ಲ. ಅದೊಂದು ಕೃತಘ್ನತೆ.

ಏಕೆ ಹೀಗಾಯಿತು? ಸಿಗರೇಟಿನ ಹೊಗೆ ತುಂಬಿದ ಶ್ವಾಸಕೋಶದಲ್ಲಿ ಬೀಟಾ ಕೆರೋಟಿನ್ ತಾನೇ ಉತ್ಕರ್ಷಣಗೊಂಡು, ಅದರ ಮುರುಕುಗಳು ಕೆಡುಕು ಮಾಡುತ್ತವೆ ಎಂಬುದು ಒಂದು ವಿವರಣೆ. ಇನ್ನೊಂದು ಇದಕ್ಕಿಂತ ಸ್ವಾರಸ್ಯದ್ದು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದಂತೆ, ಆ್ಯಂಟಿ ಆಕ್ಸಿಡೆಂಟುಗಳು ಕ್ಯಾನ್ಸರಿನ ಕೋಶಗಳನ್ನೂ ಕಾಪಾಡುತ್ತವೆ. ಗಡ್ಡೆಗಳು ಬೇಗ ಬೆಳೆಯುತ್ತವೆ. ಕಾವಲುಗಾರನಿಗೆ ಮನೆಯವನು ಯಾರು, ಕಳ್ಳ ಯಾರು ಎಂಬ ಭೇದವಿಲ್ಲ!

ಇಷ್ಟೇ ಅಲ್ಲ. ದಾನವರೆನಿಸಿಕೊಂಡವುಗಳಿಂದ ದೇಹ ದಿನವೂ ಕೆಲಸ ತೆಗೆದುಕೊಳ್ಳುತ್ತದೆ. ರಕ್ತದ ಬಿಳಿಯ ಕಣಗಳು ಹೊರಗಿನಿಂದ ಹೊಕ್ಕ ರೋಗಾಣುವನ್ನು ನುಂಗಿ, ಅದರ ಮೇಲೆ ಸೂಪರಾಕ್ಸೈಡನ್ನು ಸುರಿದು ಕೊಲ್ಲುತ್ತವೆ. ಹೀಗೆ ಸುರಿಯುವ ಶಕ್ತಿ ಹುಟ್ಟಿನಿಂದಲೇ ಇಲ್ಲದ ಮಕ್ಕಳಿದ್ದಾರೆ. ಅವರಿಗೆ ಮತ್ತೆ ಮತ್ತೆ ಸೋಂಕು ತಗಲಿ ಜೀವಕ್ಕೇ ಕುತ್ತಾಗುತ್ತದೆ. 2009ರಲ್ಲಿ ಜರ್ಮನಿಯಲ್ಲಿ ಸುಮಾರು ನಲವತ್ತು ಮಂದಿ ತರುಣರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಅರ್ಧದಷ್ಟು ಜನಕ್ಕೆ ಸಿ ಮತ್ತು ಇ ವಿಟಮಿನ್‌ಗಳನ್ನು ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ನಿನ ಕೆಲಸ ಚುರುಕಾಗಬೇಕು. ಅದು ಗುಳಿಗೆ ತಿನ್ನದವರಲ್ಲಿ ಆಯಿತು, ತಿಂದವರಲ್ಲಿ ಆಗಲಿಲ್ಲ. ಮೈ ಬಗ್ಗಿಸಿದಾಗ ಹುಟ್ಟುವ ಒಂದಿಷ್ಟು ಕಿಡಿಯೇ ದೇಹಕ್ಕೆ ‘ಗಟ್ಟಿಯಾಗು’ ಎಂದು ಹೇಳುವ ಸೂಚನೆಯಂತೆ. ಕಿಡಿಯನ್ನು ಆರಿಸಿಬಿಟ್ಟರೆ ಸೂಚನೆಯೂ ಹೋಯಿತು. ಆಫ್ರಿಕದಲ್ಲಿ ಬೆತ್ತಲೆ ಬಿಲದಿಲಿಯೆಂಬ ಒಂದು ಪ್ರಾಣಿಯಿದೆ. ಅದರ ಮೈಯಲ್ಲಿ ಉತ್ಕರ್ಷಣದ ಹಾನಿ ಸಾಧಾರಣ ಇಲಿಗಿಂತ ಹೆಚ್ಚಾಗಿಯೇ ಕಾಣುತ್ತದೆ. ಆದರೂ ಅದು ಮೂವತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಸಾಧಾರಣ ಇಲಿಗೆ ಮೂರು ವರ್ಷವೇ ಹೆಚ್ಚು.

ಹಾಗೆಂದು ಈ ವಸ್ತುಗಳೆಲ್ಲ ವ್ಯರ್ಥವೆಂದು ಯಾರೂ ತಿಳಿಯಬಾರದು. ಎ ವಿಟಮಿನ್ ಸಾಲದೆ ಕಣ್ಣು ಕಳೆದುಕೊಳ್ಳುವ ಬಡ ಮಕ್ಕಳಿಗಾಗಿ ನಮ್ಮ ಸರ್ಕಾರ 1970ರಲ್ಲಿ, ಆರು ತಿಂಗಳಿಗೊಮ್ಮೆ ಅದನ್ನು ಬಾಯಿಗೆ ಹಾಕುವ ಕಾರ್ಯಕ್ರಮವನ್ನು ಆರಂಭಿಸಿತು. ನುಗ್ಗೆಸೊಪ್ಪು, ಗಜ್ಜರಿಗಳಲ್ಲಿರುವ ಕೆರೋಟಿನ್ ದೇಹದಲ್ಲಿ ಎ ವಿಟಮಿನ್ ಆಗುತ್ತದೆ. ಫಿನ್‌ಲೆಂಡಿನ ಹೊಗೆಬತ್ತಿಯವನಿಗೆ ಕೇಡು ತಂದ ವಸ್ತುವೇ ಹೊಟ್ಟೆಗಿಲ್ಲದ ಮಗುವಿಗೆ ಕಣ್ಣು. ಇನ್ನು, ವಯಸ್ಸಾದವರ ಕಣ್ಣಿನ ಪರದೆಯ ನಡುಭಾಗ ಸವೆಯುವ ಒಂದು ಕಾಯಿಲೆಯಿದೆ. ಅದು ನಡುಮಟ್ಟಕ್ಕೆ ಬಂದವರಿಗೆ ವಿಟಮಿನ್ ಮತ್ತು ಸತುವಿನ ಒಂದು ಮಿಶ್ರಣ ಕೊಟ್ಟರೆ, ಮುಂದುವರಿಯುವ ಸಂಭವ ಸುಮಾರು ಶೇಕಡಾ 25ರಷ್ಟು ತಗ್ಗುತ್ತದೆಯೆಂದು 2001ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ಅಂದರೆ ಕೊರತೆಯಿದ್ದವನಿಗೆ ಆಹಾರ, ಗೊತ್ತಾದ ರೋಗಕ್ಕೆ ಔಷಧ. ಇವೆರಡೂ ಅಲ್ಲದ ಮೂರನೆಯದೊಂದು ಉಂಟು: ಹೊಟ್ಟೆ ತುಂಬ ಉಂಡವನು, ಯಾವ ರೋಗವೂ ಇಲ್ಲದವನು, ಮುಪ್ಪಿಗೆ ಹೆದರಿ ನುಂಗುವ ಗುಳಿಗೆ. ನಮ್ಮ ತಕರಾರು ಅದೊಂದರ ಮೇಲೆಯೇ.

ಹೆದರಿದರೆ ತಪ್ಪೇನು ಎಂದು ಕೇಳಬಹುದು. ತಪ್ಪಿಲ್ಲ. ಚ್ಯವನ ಋಷಿಗೆ ಯೌವನ ಮರಳಿ ಬಂದದ್ದು ಅಶ್ವಿನೀದೇವತೆಗಳ ದಯೆಯಿಂದ ಎಂದು ನಮ್ಮವರು ಕಥೆ ಕಟ್ಟಿ, ಅವನ ಹೆಸರಿನಲ್ಲಿ ನೆಲ್ಲಿಕಾಯಿಯ ಲೇಹವನ್ನೇ ಮಾಡಿಟ್ಟಿದ್ದಾರೆ. ಆಸೆ ಹೊಸದಲ್ಲ. ಹೊಸದಾಗಿರುವುದು ‘ತುಕ್ಕು’ ಎಂಬ ಹೋಲಿಕೆ. ತುಕ್ಕು ಹಿಡಿದ ಸೈಕಲ್ಲನ್ನು ನೋಡಿದವರು ಮಳೆಯನ್ನು ಬೈಯುವುದಿಲ್ಲ. ‘ಎಣ್ಣೆ ಹಚ್ಚಿ ಒಳಗಿಡಬಾರದಾಗಿತ್ತೇ?’ ಎಂದು ಯಜಮಾನನನ್ನು ಬೈಯುತ್ತಾರೆ. ಮುಪ್ಪು ತುಕ್ಕಾದರೆ ಮುದುಕನಾದದ್ದು ಮುದುಕನ ಅಲಕ್ಷ್ಯವಾಗುತ್ತದೆ. ತಡೆಯಬಹುದೆಂಬ ಭರವಸೆಯ ಬೆನ್ನಿಗೇ, ತಡೆಯಲಿಲ್ಲವೆಂಬ ಆರೋಪ ಬರುತ್ತದೆ. ಜಾಹೀರಾತಿನವರು ಮೊದಲನೆಯದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಎರಡನೆಯದನ್ನು ಹಾಕಬೇಕಾಗಿಲ್ಲ, ಓದಿದವನು ರಾತ್ರಿ ನಿದ್ದೆ ಬಾರದೆ ತಾನೇ ಬರೆದುಕೊಳ್ಳುತ್ತಾನೆ.

ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಮಾವನವರು ಧಾರವಾಡದ ಕಡೆ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಅತ್ತೆಯವರು ಹೃದಯದ ಕಾಯಿಲೆಯಿಂದ ತೀರಿಕೊಂಡ ಮೇಲೆ ಮಗಳ ಮನೆಯೆಂದು ಮುಂಬಯಿಗೆ ಬಂದಿದ್ದಾರೆ. ಒಂದು ಸಂಜೆ ನಾವು ಕಚೇರಿಯಿಂದ ಬರುವಷ್ಟರಲ್ಲಿ ಅವರ ಮುಂದೆ ಒಂದು ಗುಳಿಗೆಯ ಡಬ್ಬಿ, ಅದರ ಜೊತೆಗೆ ಬಂದ ಚೀಟಿ. ಇ ವಿಟಮಿನ್ ಹೃದಯದ ನಾಳಗಳನ್ನು ಕಾಪಾಡುತ್ತದೆಯೆಂದು ಚೀಟಿಯಲ್ಲಿತ್ತು. ತಮಗಾಗಿ ತಂದುಕೊಂಡಿದ್ದಾರೆಂದು ನಾವು ತಿಳಿದೆವು. ಅವರು ಕೇಳಿದ್ದೇ ಬೇರೆ.

“ಅಳಿಯಂದ್ರ, ನೀವು ಸೈನ್ಸ್ ಕಲ್ತಾವ್ರು, ಖರೇ ಹೇಳ್ರಿ. ಮೂರು ವರ್ಷದ ಹಿಂದ ಇದನ್ನ ತಗೋರಿ ಅಂತ ಮಂದಿ ಹೇಳಿದ್ರು. ರೊಕ್ಕ ಹಾಳು ಅಂತ ನಾನ ಬ್ಯಾಡಂದೆ. ಆಗ ಆಕಿಗೆ ತಂದು ಕೊಟ್ಟಿದ್ರ ಆಕಿ ಇನ್ನೊಂದೆರಡು ವರ್ಷ ಇರ್ತಿದ್ಲೇನ್ರಿ?”

ನಾವು “ಇಲ್ರಿ ಮಾಮಾ” ಎಂದೆವು.

ಹಾಗೆನ್ನಲು ನಮಗೆ ಆಧಾರವಿತ್ತು. ಕೆನಡಾದವರ ನೇತೃತ್ವದಲ್ಲಿ, ಹೃದಯಕ್ಕೆ ಅಪಾಯವಿರುವ 55 ದಾಟಿದ 9,541 ಮಂದಿಯಲ್ಲಿ ಅರ್ಧ ಜನರಿಗೆ ದಿನವೂ ಇ ವಿಟಮಿನ್ ಕೊಟ್ಟು, ಸರಾಸರಿ ನಾಲ್ಕೂವರೆ ವರ್ಷ ನೋಡಿದ ಪ್ರಯೋಗವೊಂದರ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಸಾವು, ಯಾವುದರಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಆ ಪ್ರಯೋಗದ ಚಿಕ್ಕ ಹೆಸರು ‘ಹೋಪ್’, ಕನ್ನಡದಲ್ಲಿ ಭರವಸೆ. ಭರವಸೆಯನ್ನು ಸುಳ್ಳಾಗಿಸಿದ ಪ್ರಯೋಗಕ್ಕೆ ಇಂಥ ಹೆಸರೇಕೆ ಎಂದು ಮೊದಲು ಓದಿದಾಗ ಅನ್ನಿಸಿತ್ತು. ಮಾವನವರ ಎದುರು ಕುಳಿತು ಅದನ್ನು ವಿವರಿಸುವಾಗ ಹಾಗನ್ನಿಸಲಿಲ್ಲ.

ಲೆಕ್ಕದಲ್ಲಿ ಖಡಾಖಂಡಿತವಾದವರು ಇಲ್ಲೊಂದು ಆಕ್ಷೇಪಣೆ ಎತ್ತಬಹುದು. ಸಾವಿರಾರು ಜನರ ಸರಾಸರಿಯಿಂದ ಒಬ್ಬ ಹೆಂಗಸಿನ ಆಯುಸ್ಸನ್ನು ಹೇಳಲು ಬರುತ್ತದೆಯೇ? ‘ಉಪಯೋಗವಾಗುತ್ತಿತ್ತೆನ್ನಲು ಆಧಾರವಿಲ್ಲ’ ಎಂಬುದು ಸರಿಯಾದ ಉತ್ತರವಲ್ಲವೇ? ಕಚೇರಿಯ ಟಿಪ್ಪಣಿಯಲ್ಲಾದರೆ ನಾವೂ ಹಾಗೆಯೇ ಬರೆಯುತ್ತಿದ್ದೆವು. ಆದರೆ ಆ ಮಾತು ಎಪ್ಪತ್ತೆಂಟು ವರ್ಷದ ಒಬ್ಬ ಒಂಟಿ ಮನುಷ್ಯನ ಕಿವಿಯಲ್ಲಿ ‘ಆಗುತ್ತಿತ್ತೋ ಏನೋ’ ಎಂದೇ ಕೇಳಿಸುತ್ತದೆ. ಅಂದರೆ ಅಕ್ಷರಕ್ಕೆ ನಿಷ್ಠವಾದ ಉತ್ತರದಿಂದ ಅವರ ಮನಸ್ಸಿನಲ್ಲಿ ಒಂದು ಸುಳ್ಳು ನಿಲ್ಲುತ್ತದೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಸತ್ಯವೆಂದರೆ ಆಡಿದ ಮಾತು ಎಂದು ಅಭ್ಯಾಸ. ಕೇಳಿದವನ ಮನಸ್ಸಿನಲ್ಲಿ ಉಳಿಯುವುದೂ ಸತ್ಯದ ಲೆಕ್ಕಕ್ಕೆ ಬರಬೇಡವೇ? ‘ಇಲ್ಲ’ ಎಂಬ ಒಂದು ಪದವೇ ಅಲ್ಲಿ ಸತ್ಯಕ್ಕೆ ಹೆಚ್ಚು ಹತ್ತಿರವಾಗಿತ್ತೆಂದು ನಾವು ಈಗಲೂ ತಿಳಿದಿದ್ದೇವೆ.

ಇನ್ನೊಂದು ಕಠಿಣವಾದ ಪ್ರಶ್ನೆಯಿದೆ, ಅದನ್ನು ಮರೆಸಬಾರದು. ಪ್ರಯೋಗದ ಫಲ ತಿರುಗುಮುರುಗಾಗಿದ್ದರೆ? ಇ ವಿಟಮಿನ್ನಿನಿಂದ ಸಾವು ಶೇಕಡಾ ಹತ್ತು ಕಡಿಮೆಯಾಗುತ್ತದೆಂದು ಸಿದ್ಧವಾಗಿದ್ದರೆ, ನಾವು ಮಾವನವರಿಗೆ ಏನು ಹೇಳಬೇಕಾಗಿತ್ತು? ಅವರ ಸಮಾಧಾನಕ್ಕಾಗಿ ಆಗಲೂ ‘ಇಲ್ಲ’ ಎನ್ನಬಹುದಾಗಿತ್ತೇ? ನಮ್ಮ ಮನಸ್ಸು ಒಪ್ಪುವುದಿಲ್ಲ. ಸಮಾಧಾನಕ್ಕೆಂದು ಸುಳ್ಳು ಹೇಳುವವನೆಂದು ಒಮ್ಮೆ ಗೊತ್ತಾದರೆ ನಮ್ಮ ನಿಜವಾದ ‘ಇಲ್ಲ’ಕ್ಕೂ ಬೆಲೆ ಹೋಗುತ್ತದೆ. ಆಗ ಹೇಳಬಹುದಾಗಿದ್ದ ಮಾತು ಇದು: ‘ನೂರರಲ್ಲಿ ಕೆಲವೇ ಜನಕ್ಕೆ ಸ್ವಲ್ಪ ಉಪಯೋಗವಾಗುತ್ತದೆ, ಆ ಕೆಲವರಲ್ಲಿ ಅತ್ತೆಯವರು ಇರುತ್ತಿದ್ದರೆಂದು ಯಾರೂ ಹೇಳಲಾರರು, ಆಗ ನಿಮಗೆ ತಿಳಿದಷ್ಟರಲ್ಲಿ ನೀವು ಸರಿಯಾಗಿಯೇ ನಡೆದುಕೊಂಡಿರಿ.’ ಅದರಿಂದ ಸಿಗುವ ಸಮಾಧಾನ ಅರೆಪಾಲಿನದು, ನಿಜ. ಪೂರ್ತಿ ಸಮಾಧಾನ ಕೊಡಲು ನಮಗೆ ಸಾಧ್ಯವಾದದ್ದು, ಎಲ್ಲೋ ದೂರದ ದೇಶಗಳ ಒಂಬತ್ತೂವರೆ ಸಾವಿರ ಮುದುಕ ಮುದುಕಿಯರು ವರ್ಷಗಟ್ಟಲೆ ಗುಳಿಗೆ ನುಂಗಿದ್ದರಿಂದ.

ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಂಗಾರ ಈ ಡಬ್ಬಿ ಅಂಗಡ್ಯಾವ ವಾಪಸ್ ತಗೋತಾನೇನ್ರಿ?” ಎಂದರು. ಮುಚ್ಚಳ ತೆರೆದಾಗಿತ್ತು, ತಗೊಳ್ಳಲಿಲ್ಲ.

ಯೌವನವನ್ನು ಹಿಡಿದಿಡಬೇಕೆಂದವರ ಕಥೆಗಳಲ್ಲಿ ಯಯಾತಿಯದು ಎಲ್ಲಕ್ಕಿಂತ ನಿಷ್ಠುರವಾದದ್ದು. ಮುಪ್ಪು ಮಾಯವಾಗುವುದಿಲ್ಲ, ಇನ್ನೊಬ್ಬರ ಮೈಗೆ ದಾಟುತ್ತದೆ ಎಂದು ಅದು ಹೇಳುತ್ತದೆ. ಯಯಾತಿ ತರುಣನಾಗಬೇಕಾದರೆ ಪೂರು ಮುದುಕನಾಗಬೇಕು. ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ತಮ್ಮ ನಾಟಕದಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ಮುಂದೆ ತಂದು, ಈ ಲೇವಾದೇವಿಯಲ್ಲಿ ಯಾರನ್ನು ಕೇಳದೆ ಯಾರ ಬಾಳನ್ನು ತೆತ್ತರು ಎಂಬುದನ್ನು ತೋರಿಸಿದರು. ಗುಳಿಗೆಯ ಡಬ್ಬಿಗೆ ಅಷ್ಟು ದೊಡ್ಡ ಕಥೆಯನ್ನು ಹೋಲಿಸುವುದು ಅತಿಯಾಯಿತೆನ್ನಬಹುದು. ಆದರೆ ನಿವೃತ್ತಿವೇತನದಲ್ಲಿ ಬದುಕುವ ಮನೆಗಳಲ್ಲಿ ಆ ಡಬ್ಬಿಯ ಹಣ ಯಾವುದರಿಂದ ಕಳೆಯಿತೆಂದು ಕೇಳಿ ನೋಡಬೇಕು. ಎಷ್ಟೋ ಮನೆಗಳಲ್ಲಿ ಅದು ಕಳೆದದ್ದು ಹಣ್ಣು ತರಕಾರಿಯ ಖರ್ಚಿನಿಂದಲೇ! ದಿನಕ್ಕೆ 400 ಗ್ರಾಮಿಗೆ ಕಡಿಮೆಯಿಲ್ಲದಂತೆ ಹಣ್ಣು ತರಕಾರಿ ತಿನ್ನಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತನ್ನು ಯಾವ ಪ್ರಯೋಗವೂ ಅಲ್ಲಗಳೆದಿಲ್ಲ. ತರಕಾರಿಯಲ್ಲಿ ನಾರಿದೆ, ನೂರೆಂಟು ಬೇರೆ ವಸ್ತುಗಳಿವೆ. ತರಕಾರಿ ತಿನ್ನುವವನು ಅಷ್ಟರಮಟ್ಟಿಗೆ ಕರಿದದ್ದನ್ನು ಕಡಿಮೆ ತಿನ್ನುತ್ತಾನೆ, ಬಹುಶಃ ಸಿಗರೇಟನ್ನೂ ಕಡಿಮೆ ಸೇದುತ್ತಾನೆ. ಇದೆಲ್ಲವನ್ನೂ ಬಿಟ್ಟು ಬಣ್ಣವೊಂದನ್ನೇ ಹಿಂಡಿ ತೆಗೆದು, ಗುಣವೆಲ್ಲ ಇದರಲ್ಲೇ ಇತ್ತು ಎಂದರೆ ಹೇಗೆ? ಯಾವ ಪದಾರ್ಥದಲ್ಲಿ ಎಷ್ಟು ಆ್ಯಂಟಿ ಆಕ್ಸಿಡೆಂಟ್ ಶಕ್ತಿಯಿದೆಯೆಂದು ಗಾಜಿನ ಕೊಳವೆಯಲ್ಲಿ ಅಳೆದು ಮಾಡಿದ್ದ ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತಾನೇ ಹಿಂದಕ್ಕೆ ತೆಗೆದುಕೊಂಡಿತು. ಕೊಳವೆಯಲ್ಲಿ ಕಂಡದ್ದು ದೇಹದಲ್ಲಿಯೂ ಆಗುತ್ತದೆನ್ನಲು ಆಧಾರವಿಲ್ಲವೆಂದು, ಮತ್ತು ವ್ಯಾಪಾರಿಗಳು ಪಟ್ಟಿಯನ್ನು ದುರುಪಯೋಗ ಮಾಡುತ್ತಿದ್ದಾರೆಂದು ಕಾರಣ ಕೊಟ್ಟಿತು. ಸರ್ಕಾರಿ ಇಲಾಖೆಯೊಂದು ತಾನು ಹೊರಡಿಸಿದ ಪಟ್ಟಿಯನ್ನು ತಾನೇ ರದ್ದು ಮಾಡುವುದು ಎಷ್ಟು ಅಪರೂಪವೆಂದು ನಮ್ಮಂಥವರಿಗೆ ಚೆನ್ನಾಗಿ ಗೊತ್ತು.

ಹಾರ್ಮನ್ ಅವರ ಮಾತಿಗೆ ಮರಳಿದರೆ, ಅವರು ತಾವೂ ವಿಟಮಿನ್ ಗುಳಿಗೆಗಳನ್ನು ತೆಗೆದುಕೊಳ್ಳುತ್ತಿದ್ದರು. 2014ರಲ್ಲಿ ತೀರಿಕೊಂಡಾಗ 98 ವರ್ಷ. ‘ನೋಡಿ, ಇದಕ್ಕಿಂತ ಸಾಕ್ಷಿ ಬೇಕೇ?’ ಎನ್ನುವವರಿದ್ದಾರೆ. ದಿನಕ್ಕೆ ಕಟ್ಟು ಬೀಡಿ ಸೇದಿ ತೊಂಬತ್ತು ದಾಟಿದ ಅಜ್ಜ ನಮ್ಮ ಪ್ರತಿಯೊಂದು ಊರಲ್ಲಿಯೂ ಒಬ್ಬನಿದ್ದಾನೆ. ಅವನನ್ನು ಬೀಡಿಗೆ ಸಾಕ್ಷಿಯೆನ್ನೋಣವೇ? ಹಾರ್ಮನ್ ಅವರೇ ಪ್ರಾಮಾಣಿಕರು. ಇಲಿಗಳಿಗೆ ಇಂಥ ವಸ್ತುಗಳನ್ನು ಕೊಟ್ಟಾಗ ಸರಾಸರಿ ಆಯುಸ್ಸು ಹೆಚ್ಚಿದರೂ, ಎಲ್ಲಕ್ಕಿಂತ ಹೆಚ್ಚು ಬದುಕುವ ಇಲಿಯ ಆಯುಸ್ಸು ಹೆಚ್ಚಲಿಲ್ಲವೆಂದು ಅವರು ಮುಚ್ಚಿಡದೆ ಬರೆದರು.

ನಮ್ಮ ಇಲಾಖೆಯ ನಿಯಮಾವಳಿಯಲ್ಲಿ ಮುಪ್ಪಿನ ಬಗ್ಗೆ ಬೇರೊಂದು ದೃಷ್ಟಿಯಿದೆ. ಆರನೆಯ ವೇತನ ಆಯೋಗದ ನಂತರ ಬಂದ ಆದೇಶದ ಪ್ರಕಾರ ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇಕಡಾ 20, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಶೇಕಡಾ 100 ಹೆಚ್ಚುವರಿ. ಮೊದಲ ಸಲ ಈ ಕೋಷ್ಟಕವನ್ನು ಬೆರಳಚ್ಚು ಮಾಡಿದಾಗ ನಮ್ಮ ವಿಭಾಗದವರೆಲ್ಲ ನಕ್ಕರು: ನೂರು ತುಂಬಿಸಿಕೊಳ್ಳುವವರು ಎಷ್ಟು ಜನ! ಆದರೆ ಈ ಕೋಷ್ಟಕ ಬರೆದವರು ಮುದುಕನನ್ನು ‘ಏಕೆ ಮುದುಕನಾದೆ?’ ಎಂದು ಕೇಳಲಿಲ್ಲ. ವಯಸ್ಸಾದಂತೆ ಖರ್ಚು ಹೆಚ್ಚುತ್ತದೆ, ಕೈ ಹಿಡಿಯುವವರು ಕಡಿಮೆಯಾಗುತ್ತಾರೆ ಎಂದಷ್ಟೇ ತಿಳಿದು ಅಂಕಿ ಹಾಕಿದರು. ಮಾಸ್ತರರಾಗಿದ್ದ ನಮ್ಮ ಮಾವನವರದು ರಾಜ್ಯದ ಪಿಂಚಣಿ. ಈ ಕೋಷ್ಟಕ ಅವರಿಗೆ ಅನ್ವಯಿಸದು. ಹಾಗೆಂದು ಹೇಳಿದಾಗ, “ಹಂಗಾರ ನೂರರ ತನಕ ಯಾಕ ಇರಬೇಕ್ರಿ?” ಎಂದು ನಕ್ಕರು. ಅವರು ನಕ್ಕದ್ದನ್ನು ಕೇಳಿ ಬಹಳ ದಿನವಾಗಿತ್ತು.

ಕೊನೆಗೆ ಒಂದು ವಿಜ್ಞಾಪನೆ. ವೈದ್ಯರು ಪರೀಕ್ಷೆ ಮಾಡಿ ಬರೆದುಕೊಟ್ಟಿರುವ ವಿಟಮಿನ್‌ಗಳನ್ನು ಈ ಲೇಖನ ಓದಿ ಯಾರೂ ನಿಲ್ಲಿಸಬಾರದು. ಸಂಶಯವಿದ್ದರೆ ಅವರನ್ನೇ ಕೇಳಬೇಕು. ಸಿಗರೇಟು ಬೀಡಿ ಸೇದುವ ವಾಚಕರು ಬೀಟಾ ಕೆರೋಟಿನ್ ಇರುವ ಗುಳಿಗೆಯ ಡಬ್ಬಿ ಮನೆಯಲ್ಲಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತೋರಿಸಲಿ. ನಮ್ಮ ಸಂಘದ ಸದಸ್ಯರಲ್ಲಿ ವೈದ್ಯರು ಅನೇಕರಿದ್ದಾರೆ. ಮಾವನವರು ಕೇಳಿದಂಥ ಪ್ರಶ್ನೆಯನ್ನು ಅವರು ದಿನವೂ ಕೇಳುತ್ತಿರಬೇಕು. ಅದಕ್ಕೆ ತಾವು ಏನು ಉತ್ತರ ಹೇಳುತ್ತೀರಿ ಎಂಬುದನ್ನು ಮುಂದಿನ ಸಂಚಿಕೆಗಳಲ್ಲಿ ಅವರು ಬರೆದರೆ, ನಾವಂತೂ ಮೊದಲು ಆ ಪುಟವನ್ನೇ ತೆರೆಯುತ್ತೇವೆ.